ಫಿಟರ್ ಗಿರಮಲ್ಲಪ್ಪ ಅಕ್ಕನ ಅಡಿಗೆಮನೆ ಸುಧಾರಿಸಿದ್ದು

ಬನಹಟ್ಟಿಯಲ್ಲಿ ಫಿಟರ್ ಗಿರಮಲ್ಲಪ್ಪನನ್ನು ಮನೆಗೆ ಕರೆಯುವವರು ಒಂದು ಎಚ್ಚರಿಕೆ ವಹಿಸುತ್ತಿದ್ದರು. ಕೆಟ್ಟ ವಸ್ತುವನ್ನು ಪಡಸಾಲೆಗೆ ತಂದಿಟ್ಟು, ಒಳಕೋಣೆಯ ಬಾಗಿಲು ಮುಚ್ಚಿಬಿಡುತ್ತಿದ್ದರು. ಅವನು ಒಳಗೆ ಬಂದರೆ ಕೆಡದ ವಸ್ತುಗಳೂ ರಿಪೇರಿಯಾಗುತ್ತವೆ ಎಂಬ ಹೆದರಿಕೆ ಅವರಿಗೆ.

ಎದುರು ಮನೆಯ ಸಾವಿತ್ರೆವ್ವ ಒಮ್ಮೆ ಮಿಕ್ಸರ್ ತಿರುಗುತ್ತಿಲ್ಲ ಎಂದು ಕರೆದಿದ್ದಳು. ಅದನ್ನು ಸರಿಮಾಡಿ ಏಳುವಾಗ ಅವನ ಕಣ್ಣು ಹಿತ್ತಲ ಬಾಗಿಲ ಮೇಲೆ ಬಿತ್ತು. ತೆಗೆಯುವಾಗ ಅದು ಕಿರ್ರೆನ್ನುತ್ತಿತ್ತು. ಯಾರೂ ಕೇಳದಿದ್ದರೂ ಕೀಲು ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿದ. ಬಾಗಿಲು ಎಷ್ಟು ಹಗುರಾಯಿತೆಂದರೆ ಮರುದಿನ ಬೆಕ್ಕು ತಲೆಯಿಂದ ದೂಡಿಕೊಂಡು ಒಳಬಂದು ಕಾಸಿದ ಹಾಲೆಲ್ಲ ಕುಡಿದುಹೋಯಿತು. ಹಳೇ ಬಾಗಿಲಾಗಿದ್ದರೆ ಸಪ್ಪಳ ಕೇಳಿ ಎದ್ದು ಬರುತ್ತಿದ್ದೆ ಎಂದು ಸಾವಿತ್ರೆವ್ವ ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಅವನ ಕಸುಬು ಪವರ್‌ಲೂಮ್ ರಿಪೇರಿ. ಆ ಕೆಲಸದಲ್ಲಿ ಅವನ ಕೈ ಛಲೋ ಎಂಬುದನ್ನು ಯಾರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಅಲ್ಲಿಯೂ ಅದೇ ಗುಣ. ಶಿವಯೋಗೆಪ್ಪ ಎಂಬ ಮಾಲೀಕರ ಶೆಡ್ಡಿನಲ್ಲಿ ಬೆಲ್ಟ್ ಬದಲಿಸಲು ಹೋದವನು, ಚೆನ್ನಾಗಿಯೇ ನಡೆಯುತ್ತಿದ್ದ ಪಕ್ಕದ ಮಗ್ಗಗಳ ಪುಲ್ಲಿಯನ್ನೂ ಬದಲಿಸಿ ವೇಗ ಹೆಚ್ಚಿಸಿ ಬಂದಿದ್ದ. ಅಂದು ಸಂಜೆಯವರೆಗೆ ಎಳೆ ಹರಿಯುವುದು, ಕಟ್ಟುವುದು, ಮತ್ತೆ ಹರಿಯುವುದು ಇಷ್ಟೇ ಆಯಿತು. ಶಿವಯೋಗೆಪ್ಪ ಸಿಟ್ಟಿನ ಮನುಷ್ಯರಲ್ಲ. ಅವನನ್ನು ಕರೆಸಿ, ಹಳೆಯ ಪುಲ್ಲಿ ಮತ್ತೆ ಹಾಕಿಸಿ, "ಗಿರಮಲ್ಲಾ, ನಡಿಯೂದನ್ನ ನಡಿಯಾಕ ಬಿಡೋ" ಎಂದಷ್ಟೇ ಹೇಳಿದರು. ಆಮೇಲೂ ಕರೆಯುತ್ತಿದ್ದರು. ಆದರೆ ಕೆಲಸ ಮುಗಿಯುವವರೆಗೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಿದ್ದರು.

ಗಿರಮಲ್ಲಪ್ಪನಿಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ನಡೆಯುವ ವಸ್ತು ಇನ್ನಷ್ಟು ಚೆನ್ನಾಗಿ ನಡೆಯಬಹುದು ಎಂದು ಒಮ್ಮೆ ಕಂಡಿತೆಂದರೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಶೇಂಗಾದ ಸಿಪ್ಪೆ ಸಿಕ್ಕಿಕೊಂಡ ಹಾಗೆ, ತೆಗೆಯುವವರೆಗೆ ಬೇರೆ ಯೋಚನೆ ಇಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅಕ್ಕ ಹಣಮವ್ವ. ಇಬ್ಬರೂ ಹುಟ್ಟಿದ್ದು ಹುನ್ನೂರಿನಲ್ಲಿ. ಕುರಿ ಕಾಯುವ ಮನೆತನ, ಬೀರೇಶ್ವರ ಮನೆದೇವರು. ಗಿರಮಲ್ಲಪ್ಪ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಳು. ಅಪ್ಪ ಕುರಿಯ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದ. ಇನ್ನೂ ಲಂಗ ತೊಡುವ ವಯಸ್ಸಿನ ಹಣಮವ್ವ ತಮ್ಮನನ್ನು ಬಗಲಲ್ಲಿ ಹೊತ್ತು, ಕುರಿಯ ಹಾಲು ಕುಡಿಸಿ ಸಾಕಿದಳು. ಅವಳ ಮದುವೆಯಾಗಿ ಚಕ್ಕಡಿ ಹೊರಟಾಗ ಅವನು ಊರ ಹೊರಗಿನ ಹಳ್ಳದವರೆಗೆ ಹಿಂದೆ ಓಡಿದ್ದನ್ನು ಹುನ್ನೂರಿನ ಹಿರಿಯರು ಈಗಲೂ ಹೇಳುತ್ತಾರೆ.

ಅವನು ಬೆಳೆದು ಬನಹಟ್ಟಿಗೆ ಬಂದು ಮಗ್ಗದ ಕೆಲಸ ಕಲಿತ. ಮದುವೆಯೂ ಆಯಿತು. ಹೆಂಡತಿ ಮರುವರ್ಷವೇ ಕಾಮಾಲೆಯಾಗಿ ಹೋಗಿಬಿಟ್ಟಳು. ಅಷ್ಟರಲ್ಲಿ ಹಣಮವ್ವನ ಗಂಡನೂ ತೀರಿಕೊಂಡಿದ್ದ. ಅವಳಿಗೆ ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಕಂಬಳಿ ಹಿಡಿದುಕೊಂಡು ತಮ್ಮನ ಮನೆಗೆ ಬಂದು, ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದಳು. ಇನ್ನೊಂದು ಮದುವೆ ಮಾಡಿಕೋ ಎಂದು ಅವಳು ಕೆಲವು ವರ್ಷ ಹೇಳಿದಳು, ಆಮೇಲೆ ಬಿಟ್ಟಳು. ಹಾಗೇ ಇಬ್ಬರಿಗೂ ವಯಸ್ಸಾಯಿತು. ಅವನ ಮೀಸೆ ನರೆಯಿತು, ಅವಳ ತಲೆ ಪೂರ್ತಿ ಬೆಳ್ಳಗಾಯಿತು.

ಅವರ ನಡುವೆ ಮಾತು ಕಡಿಮೆ. ಓಣಿಯ ಎರಡೂ ಬದಿಗೆ ಮಗ್ಗಗಳ ಸದ್ದು. ಕರೆಂಟ್ ಇದ್ದಷ್ಟು ಹೊತ್ತು ಕೂಗಿ ಮಾತಾಡಬೇಕು. ದಿನವೆಲ್ಲ ಕೂಗಿ ಬಂದವನಿಗೆ ಮನೆಯಲ್ಲಿ ಬಾಯಿ ತೆರೆಯಲು ಮನಸ್ಸಾಗುತ್ತಿರಲಿಲ್ಲ. ಕೈಕಾಲು ತೊಳೆದು ಕೂರುತ್ತಿದ್ದ. ಅವಳು ತಾಟು ಮುಂದಿಡುತ್ತಿದ್ದಳು. ಬಿಸಿ ರೊಟ್ಟಿ, ಪಲ್ಯೆ, ಗುರೆಳ್ಳ ಚಟ್ನಿ. ಉಂಡು ಏಳುತ್ತಿದ್ದ. ಅಕ್ಕನಿಗೆ ಏನಾದರೂ ಹೇಳಬೇಕೆನ್ನಿಸಿದಾಗ ಅವನು ಅವಳಿಗಾಗಿ ಏನನ್ನಾದರೂ ಮಾಡುತ್ತಿದ್ದ. ಮೊಳೆ ಹೊಡೆದು ಗೂಟ ಕೂರಿಸುತ್ತಿದ್ದ, ನೀರಿನ ಡ್ರಮ್ಮಿಗೆ ನಳ ಜೋಡಿಸುತ್ತಿದ್ದ. ಒಮ್ಮೆ ಅಡಿಗೆಮನೆಯ ಹಳೆಯ ಬಲ್ಬು ತೆಗೆದು ದೊಡ್ಡ ಎಲ್‌ಇಡಿ ಹಾಕಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕತ್ತೆತ್ತಲೂ ಇಲ್ಲ. ಬೆಳಕು ಹೆಚ್ಚಾಯಿತಲ್ಲ ಎಂದು ಅವನೇ ಕೇಳಿದಾಗ, ಹೌದು, ಹೆಚ್ಚಾಯಿತು ಎಂದಳು. ಅಕ್ಕನಿಗೆ ಯಾವುದರ ಮೇಲೂ ಆಸೆ ಇಲ್ಲ ಎಂದುಕೊಂಡ.

ಅವಳ ಅಡಿಗೆಮನೆ ಅವನ ಕಣ್ಣಿಗೆ ಬಹಳ ದಿನದಿಂದ ಚುಚ್ಚುತ್ತಿತ್ತು. ಗ್ಯಾಸಿನ ಒಲೆ ನೆಲದ ಮೇಲೆ, ಒಂದು ಕಲ್ಲಿನ ಮೇಲೆ ಕೂತಿತ್ತು. ಅವಳು ಕೂತೇ ಅಡಿಗೆ ಮಾಡುತ್ತಿದ್ದಳು. ನೆಲಕ್ಕೆ ಹಳೆಯ ಕಾಲದ ಫರಸಿ, ಒಂದು ಕಲ್ಲು ಮೇಲೆ, ಒಂದು ಕಲ್ಲು ಕೆಳಗೆ. ನೀರಿನ ಕೊಡದ ಹತ್ತಿರದ ಕಲ್ಲು ಕಾಲಿಟ್ಟರೆ ಟಕ್ಕೆನ್ನುತ್ತಿತ್ತು. ಡಬ್ಬಿಗಳಂತೂ ಒಂದರ ಹಾಗೆ ಇನ್ನೊಂದಿಲ್ಲ. ಉಪ್ಪಿಗೆ ಚೀನಿ ಮಣ್ಣಿನ ಭರಣಿ, ಖಾರಪುಡಿಗೆ ಚೌಕ ಬಿಸ್ಕತ್ತಿನ ಡಬ್ಬಿ, ಸಕ್ಕರೆಗೆ ಹೊಟ್ಟೆ ನೆಗ್ಗಿದ ಹಿತ್ತಾಳೆಯದು, ಅರಿಷಿಣಕ್ಕೆ ಯಾವುದೋ ಕೂಸಿನ ಹಾಲುಪುಡಿಯ ತಗಡಿನದು. ಕೆಲವಕ್ಕೆ ಕೊರಳಲ್ಲಿ ಮಗ್ಗದ ಕಸದ ನೂಲು ಸುತ್ತಿ ಗಂಟು ಹಾಕಿತ್ತು. ಹಿತ್ತಲ ಬಾಗಿಲಿನಿಂದ ಬಚ್ಚಲಿನವರೆಗೆ ಎದೆಮಟ್ಟಕ್ಕೆ ಒಂದು ಹಗ್ಗ ಕಟ್ಟಿತ್ತು. ಅದರ ಮೇಲೆ ಅರಿವೆ ಒಣಗುತ್ತಿದ್ದುದು ಅಪರೂಪ. ಹೋಗುವಾಗ ಬರುವಾಗ ಅವನಿಗೆ ಅದು ಅಡ್ಡ ಬರುತ್ತಿತ್ತು.

ಎರಡು ಸಲ ಅವನು ಮಾತು ತೆಗೆದಿದ್ದ. ಎರಡು ಸಲವೂ ಅವಳು, ಇರಲಿ ಬಿಡು, ನನಗೆ ರೂಢಿಯಾಗಿದೆ ಎಂದಿದ್ದಳು.

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಹುನ್ನೂರಿನ ಚಿಕ್ಕಪ್ಪನ ಮಗ ದುಂಡೇಶನ ಮನೆಯಲ್ಲಿ ಮದುವೆ ಬಂತು. ದುಂಡೇಶ ಇವರು ಹುಟ್ಟಿ ಬೆಳೆದ ಹಳೆಯ ಮನೆಯಲ್ಲೇ ಇದ್ದ, ಕುರಿಯನ್ನೂ ಇಟ್ಟುಕೊಂಡಿದ್ದ. ಅಕ್ಕನನ್ನು ಮುಂಚಿತವಾಗಿಯೇ ಕರೆದುಕೊಂಡು ಹೋದ. ಮದುವೆ ಮುಗಿದ ಮೇಲೂ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಅವಳು ಅಲ್ಲೇ ಉಳಿದಳು. ಅಕ್ಷತೆಗೆ ಹೋಗಿ ಬಂದ ಗಿರಮಲ್ಲಪ್ಪ ಖಾಲಿ ಮನೆಯಲ್ಲಿ ಕೂತು ಅಡಿಗೆಮನೆಯ ಕಡೆ ನೋಡಿದ. ಇಷ್ಟು ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ ಎನ್ನಿಸಿತು.

ಗಂಗಾರಾಮ ಎಂಬ ಗೌಂಡಿಯನ್ನು ಕರೆತಂದ. ಫರಸಿ ಕಿತ್ತು ನುಣುಪಾದ ಟೈಲ್ಸ್ ಹಾಕಿಸಿದ. ಗೋಡೆಗುಂಟ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿ ಮೇಲೆ ಕರಿಕಲ್ಲು ಕೂರಿಸಿದ. ಅಕ್ಕ ಮೊಣಕಾಲು ನೋವಿಲ್ಲದೆ ನಿಂತು ಅಡಿಗೆ ಮಾಡಬಹುದು. ಕೆಲಸದ ನಡುವೆ ಗಂಗಾರಾಮ ಒಮ್ಮೆ, ಇದನ್ನು ಅಕ್ಕನಿಗೆ ಕೇಳಿದ್ದೀಯಾ ಎಂದು ವಿಚಾರಿಸಿದ. ಕೇಳಿದರೆ ಬೇಡ ಅನ್ನುತ್ತಾಳೆ, ನೋಡಿದರೆ ಖುಷಿಪಡುತ್ತಾಳೆ ಎಂದ ಗಿರಮಲ್ಲಪ್ಪ.

ಮಹಾಲಿಂಗಪುರದ ಪೇಟೆಗೆ ಹೋಗಿ ಒಂದೇ ಅಳತೆಯ, ಒಂದೇ ಹೊಳಪಿನ ಸ್ಟೀಲ್ ಡಬ್ಬಿಗಳನ್ನು ತಂದ. ಹಳೆಯವುಗಳಲ್ಲಿದ್ದದ್ದನ್ನು ಸುರುವಿಕೊಂಡು ಡಬ್ಬಿಗಳನ್ನೆಲ್ಲ ಗುಜರಿಯವನಿಗೆ ಕೊಟ್ಟ. ಹಿತ್ತಲ ಹಗ್ಗ ಬಿಚ್ಚಿ, ಅರಿವೆ ಒಣಗಿಸಲು ಮಡಿಚಿಡಬಹುದಾದ ಸ್ಟ್ಯಾಂಡ್ ತಂದಿಟ್ಟ. ಗೋಡೆಗೆ ತಿಳಿ ಹಸಿರು ಬಣ್ಣ ಹೊಡೆಸಿದ. ಎಲ್ಲ ಮುಗಿದ ಸಂಜೆ ಒಳಗೆ ಹೋಗಿ ಸುಮ್ಮನೆ ನಿಂತುಕೊಂಡ. ಡಬ್ಬಿಗಳು ಸಾಲಾಗಿ ಹೊಳೆಯುತ್ತಿದ್ದವು. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಅಷ್ಟು ಸಂತೋಷವನ್ನು ಅವನು ಕಂಡಿರಲಿಲ್ಲ.

ದುಂಡೇಶ ಅಕ್ಕನನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟ. ಅಲ್ಲಿ ಹುಡುಗಿಯ ಹಾಗೆ ಓಡಾಡಿಕೊಂಡಿದ್ದಳು ಎಂದು ಹೇಳಿ, ಚಹಾ ಕುಡಿದು ಹೊರಟುಹೋದ. ಹಣಮವ್ವ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತಳು. ಮೂಗರಳಿಸಿದಳು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಲಗಾಲು ಮುಂದಿಟ್ಟಳು, ಬಿಸಿ ತಾಗಿದವಳ ಹಾಗೆ ಹಿಂದೆ ತೆಗೆದುಕೊಂಡಳು. ಮತ್ತೆ ಇಟ್ಟಳು. ಗೋಡೆ ಹಿಡಿದು ಎರಡು ಹೆಜ್ಜೆ ನಡೆದು, ಕಟ್ಟೆ ಸೊಂಟಕ್ಕೆ ತಾಗಿದ್ದೇ ನಿಂತುಬಿಟ್ಟಳು. ಕರಿಕಲ್ಲಿನ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ಹಾಗೇ ಇದ್ದಳು. ಗಿರಮಲ್ಲಪ್ಪ ಬಾಗಿಲಲ್ಲಿ ನಗುತ್ತ ನಿಂತಿದ್ದ.

"ಹೆಂಗ ಆಗೇತಿ ಅಕ್ಕಾ?"

"ಛಲೋ ಆಗೇತೋ ತಮ್ಮಾ."

ಧ್ವನಿ ಸಣ್ಣಗಿತ್ತು. ಪ್ರಯಾಣದ ಸುಸ್ತು ಎಂದುಕೊಂಡ.

ಮರುದಿನದಿಂದ ಊಟ ಕೆಟ್ಟಿತು. ಪಲ್ಯೆಗೆ ಖಾರವೇ ಇಲ್ಲ, ಇನ್ನೊಂದು ದಿನ ಬಾಯಿಗಿಡಲಾರದಷ್ಟು ಖಾರ. ಚಹಾದಲ್ಲಿ ಉಪ್ಪು. ಅವಳ ಕೈಯ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ಇರುತ್ತಿದ್ದುದು ಅಂಚು ಹರಿದು, ನಡುವೆ ಕರಿಕಾಗಿ ಬರತೊಡಗಿತು. ಮುಂಗೈ ಮೇಲೆ ಸುಟ್ಟ ಗಾಯ ಕಂಡು ಕೇಳಿದರೆ, ಏನಿಲ್ಲ, ಹಂಚು ತಾಗಿತು ಎಂದಳು. ಮೊದಲೆಲ್ಲ ಅಡಿಗೆಮನೆ ಬಿಟ್ಟು ಹೊರಗೆ ಬಾರದಿದ್ದವಳು ಈಗ ಕೆಲಸ ಮುಗಿದೊಡನೆ ತಲಬಾಗಿಲ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದಳು. ಹಿತ್ತಲಿಗೆ ಹೋಗಬೇಕಾದರೆ ಬಾಗಿಲಲ್ಲಿ ನಿಂತು ಯೋಚಿಸಿ ಹೋಗುತ್ತಿದ್ದಳು.

ಅಕ್ಕ ಮುನಿಸಿಕೊಂಡಿದ್ದಾಳೆ ಎಂದು ಗಿರಮಲ್ಲಪ್ಪ ತಿಳಿದ. ತನ್ನನ್ನು ಕೇಳದೆ ಮಾಡಿಸಿದ್ದಕ್ಕೆ ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ. ಒಂದು ಮಧ್ಯಾಹ್ನ ಹಸಿದು ಬಂದವನಿಗೆ ಸಾರಿನಲ್ಲಿ ಸಕ್ಕರೆಯ ರುಚಿ ಹತ್ತಿದಾಗ ತಾಟು ದೂಡಿ ಎದ್ದ. ಇಷ್ಟು ಕಷ್ಟಪಟ್ಟು ನಿನಗಾಗಿ ಮಾಡಿಸಿದರೆ ಬೇಕೆಂದೇ ಕೆಡಿಸುತ್ತೀಯಾ ಎಂದ. ಇನ್ನೂ ಏನೇನೋ ಅಂದ. ಅವಳು ನೆಲದ ಮೇಲೆ ಅಂಗೈ ಸವರಿ, ತಾಟು ಎಲ್ಲಿದೆ ಎಂದು ಹುಡುಕಿ ಎತ್ತಿಕೊಂಡು ಹೋದಳು. ಅವಳು ಹುಡುಕಿದ್ದನ್ನು ಅವನು ನೋಡಿದ. ಆದರೆ ಸಿಟ್ಟಿನಲ್ಲಿದ್ದ, ಅದು ಅವನ ತಲೆಗೆ ಹೋಗಲಿಲ್ಲ.

ಆ ಸಿಟ್ಟು ಇಳಿದ ಮೇಲೆ ಅವನಿಗೆ ಬೇರೆ ವಿಚಾರ ಬಂತು. ಡಬ್ಬಿಗಳೆಲ್ಲ ಒಂದೇ ಥರ ಇವೆ, ಅಕ್ಕ ಸಾಲೆ ಕಲಿತವಳಲ್ಲ, ಗುರುತು ಸಿಗುತ್ತಿಲ್ಲ, ಅಷ್ಟೇ. ಇದಕ್ಕೂ ಒಂದು ದಾರಿ ಇದೆ. ಎಲೆಕ್ಟ್ರಿಕ್ ಅಂಗಡಿಯಿಂದ ವೈರಿಗೆ ಸುತ್ತುವ ಬಣ್ಣದ ಟೇಪುಗಳನ್ನು ತಂದ. ಖಾರಪುಡಿಗೆ ಕೆಂಪು, ಅರಿಷಿಣಕ್ಕೆ ಹಳದಿ, ಉಪ್ಪಿಗೆ ನೀಲಿ, ಸಕ್ಕರೆಗೆ ಹಸಿರು. ನೀಟಾಗಿ ಅಂಟಿಸಿ ಅವಳನ್ನು ಒಳಗೆ ಕರೆದ. ಒಂದೊಂದೇ ಬಣ್ಣ ಹೇಳಿ ತಿಳಿಸಿದ. ಅವಳು ಹೂಂಗುಟ್ಟಿದಳು.

ಈಗ ಖಾರಪುಡಿ ತೆಗಿ ನೋಡೋಣ ಎಂದ.

ಹಣಮವ್ವ ಕೈ ಮುಂದೆ ಚಾಚಿದಳು. ಬೆರಳುಗಳು ಮೊದಲ ಡಬ್ಬಿಯನ್ನು ಮುಟ್ಟಿ, ಅದರ ಮುಚ್ಚಳವನ್ನು ಸವರಿ, ಎರಡನೆಯದಕ್ಕೆ ಹೋದವು. ಅದನ್ನು ಎತ್ತಿ, ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಇಟ್ಟಳು. ಮೂರನೆಯದನ್ನು ಎತ್ತಿದಳು. ಅಷ್ಟೂ ಹೊತ್ತು ಅವಳ ಮುಖ ಡಬ್ಬಿಗಳ ಕಡೆಗಿರಲಿಲ್ಲ, ಕಿಟಕಿಯ ಕಡೆಗಿತ್ತು. ಕೆಂಪು ಟೇಪಿನ ಡಬ್ಬಿ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು.

ಗಿರಮಲ್ಲಪ್ಪ ಒಂದು ಹೆಜ್ಜೆ ಹತ್ತಿರ ಬಂದ.

"ಅಕ್ಕಾ, ಕೆಂಪು ಕಾಣವಲ್ದೇನ?"

ಅವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಬೆಳಕು ಕಾಣತೈತಿ. ನೀ ಬಂದು ನಿಂತ್ರ ನೆಳ್ಳು ಬಂದಂಗ ಆಕ್ಕೈತಿ. ಅಷ್ಟ."

ಯಾವಾಗಿನಿಂದ ಎಂದು ಕೇಳಿದ. ಹಿಂದಿನ ವರ್ಷದ ದೀಪಾವಳಿಗೂ ಮೊದಲೇ ಸುರುವಾಯಿತು ಎಂದಳು. ಮೊದಲು ಬದಿಯಲ್ಲಿದ್ದದ್ದು ಕಾಣದಾಯಿತು, ಆಮೇಲೆ ಎದುರಿನದೂ ಮಬ್ಬಾಯಿತು. ನೋವಿರಲಿಲ್ಲ. ಒಂದೊಂದೇ ಕಾಣದಾದ ಹಾಗೆ ಒಂದೊಂದಕ್ಕೇ ಗುರುತು ಮಾಡಿಕೊಳ್ಳುತ್ತ ಬಂದಳು. ಡಬ್ಬಿ ಚೌಕಾಗಿದ್ದರೆ ಖಾರ, ಹೊಟ್ಟೆ ನೆಗ್ಗಿದ್ದರೆ ಸಕ್ಕರೆ, ನೂಲಿನ ಗಂಟಿದ್ದರೆ ಜೀರಿಗೆ. ಕಲ್ಲು ಟಕ್ಕೆಂದರೆ ನೀರಿನ ಕೊಡ ಅಲ್ಲೇ. ಹಗ್ಗ ಹಿಡಿದರೆ ಬಚ್ಚಲು. ಕಾಯಿಪಲ್ಯೆ ತರುವುದು, ಅಕ್ಕಿಯ ಕಲ್ಲು ಆರಿಸುವುದು ಸಾವಿತ್ರೆವ್ವ ಮಾಡಿಕೊಡುತ್ತಿದ್ದಳು. ಸಾವಿತ್ರೆವ್ವನಿಗೆ ಗೊತ್ತಿತ್ತು. ಪಕ್ಕದ ಮನೆಯ ಅಂಜನಾಳಿಗೂ ಗೊತ್ತಿತ್ತು. ಯಾರಿಗೂ ಹೇಳಬೇಡಿರೆಂದು ಅವರಿಂದ ಆಣೆ ಮಾಡಿಸಿಕೊಂಡಿದ್ದಳು.

"ನನಗ ಯಾಕ ಹೇಳಲಿಲ್ಲ?"

ಅವಳು ಹೇಳಿದಳು. "ಹೇಳಿದ್ರ ನೀ ನನ್ನ ರಿಪೇರಿ ಮಾಡಾಕ ಕುಂಡರ್ತಿದ್ದಿ. ನನಗೇನ ತ್ರಾಸ ಇದ್ದಿಲ್ಲೋ ತಮ್ಮಾ. ಎಲ್ಲಾ ಕೈಗೆ ಸಿಗತಿತ್ತು."

ಗಿರಮಲ್ಲಪ್ಪ ಆ ನುಣುಪಾದ ನೆಲದ ಮೇಲೆ ಕೂತ. ಅವಳು ಅವನ ಉಸಿರು ಕೇಳಿದ ದಿಕ್ಕಿಗೆ ಬಂದು, ಹುಡುಕಿ, ಭುಜದ ಮೇಲೆ ಕೈಯಿಟ್ಟಳು. ಹೊರಗೆ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

ಮರುದಿನ ಅವಳನ್ನು ಜಮಖಂಡಿಯ ಕಣ್ಣಿನ ಡಾಕ್ಟರರಿಗೆ ತೋರಿಸಿದ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದ ಬೆಳಕಾದರೂ ಉಳಿಯಲಿ ಎಂದು ದಿನಾ ಔಷಧ ಬಿಡಬೇಕು ಎಂದು ಡಾಕ್ಟರು ಹೇಳಿದರು. ಸುರುವಾದಾಗಲೇ ಬಂದಿದ್ದರೆ ಇಷ್ಟಕ್ಕೆ ಬಿಡುತ್ತಿರಲಿಲ್ಲ ಎಂದೂ ಹೇಳಿದರು. ಗಿರಮಲ್ಲಪ್ಪನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮಿರಜದ ದೊಡ್ಡ ಆಸ್ಪತ್ರೆಗೂ ಕರೆದೊಯ್ದ. ಅಲ್ಲಿಯೂ ಅದೇ ಮಾತು, ಅದೇ ಔಷಧ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಗಾಳಿಗೆ ಮುಖ ಕೊಟ್ಟಿದ್ದಳು. ಅವನು ಅವಳ ಕಣ್ಣುಗಳನ್ನೇ ನೋಡುತ್ತಿದ್ದ. ಹೊರಗಿನಿಂದ ಎಲ್ಲರ ಕಣ್ಣಿನ ಹಾಗೇ ಇದ್ದವು. ದಿನಕ್ಕೆ ಎರಡು ಹೊತ್ತು ಅವಳ ಎದುರು ಕೂತು ಉಂಡವನು ಅವನು. ಅವಳು ತಾಟು ಇಡುವಾಗ ಮೊದಲು ನೆಲ ಮುಟ್ಟಿ ನೋಡುತ್ತಿದ್ದಳೇ? ನೆನಪಾಗಲಿಲ್ಲ. ಅವನು ನೋಡುತ್ತಿದ್ದದ್ದು ಒಲೆಯ ಎತ್ತರವನ್ನು, ಕಲ್ಲಿನ ಸಂದಿಯನ್ನು.

ಬನಹಟ್ಟಿಗೆ ಬಂದವನೇ ಗುಜರಿಯವನ ಹತ್ತಿರ ಓಡಿದ. ಡಬ್ಬಿಗಳು ಚಪ್ಪಟೆಯಾಗಿ ಲಾರಿಯೇರಿ ಹೋಗಿದ್ದವು. ಫರಸಿ ಕಲ್ಲುಗಳ ಬಗ್ಗೆ ಗಂಗಾರಾಮನನ್ನು ಕೇಳಿದ. ಒಡೆದು ಯಾರದೋ ದನದ ಕೊಟ್ಟಿಗೆಯ ತಳಕ್ಕೆ ತುಂಬಿದ್ದಾಗಿತ್ತು. ಸಂತೆಗೆ ಹೋಗಿ ಬೇರೆ ಬೇರೆ ಆಕಾರದ ಡಬ್ಬಿ, ಭರಣಿ ಕೊಂಡು ತಂದ. ಹಿತ್ತಲಲ್ಲಿ ಹಗ್ಗ ಮತ್ತೆ ಕಟ್ಟಿದ. ಆದರೆ ಎಷ್ಟು ಎತ್ತರಕ್ಕೆ ಇತ್ತು, ಯಾವ ಮೊಳೆಯಿಂದ ಯಾವ ಮೊಳೆಗೆ ಇತ್ತು ಎಂಬುದು ಸರಿಯಾಗಿ ತಿಳಿಯಲಿಲ್ಲ. ಅಕ್ಕಾ, ಉಪ್ಪು ಎಲ್ಲಿ ಇಟ್ಟಿದ್ದೆ, ಜೀರಿಗೆ ಎಲ್ಲಿ ಇತ್ತು ಎಂದು ಕೇಳುತ್ತ ಕೂತ. ಅವಳು ಹೇಳಲು ಪ್ರಯತ್ನಿಸಿದಳು. ಕೂತಲ್ಲೇ ಕೈ ಚಾಚಿ, ಇಲ್ಲಿ ಎಂದಳು, ಅಲ್ಲ, ಇನ್ನೂ ಆಚೆ ಎಂದಳು, ಆಮೇಲೆ ಕೈಯನ್ನು ಮಡಿಲಿಗೆ ತಂದುಕೊಂಡಳು. ಒಲೆ ಇದ್ದ ಜಾಗದಲ್ಲಿ ಒಲೆ ಇದ್ದರೆ ಕೈಗೆ ಗೊತ್ತಾಗುತ್ತಿತ್ತು, ಬಾಯಿಂದ ಹೇಳಲಿಕ್ಕೆ ಬರುವುದಿಲ್ಲ ಎಂದಳು.

ಕಟ್ಟೆ ಒಡೆಸಿಬಿಡುತ್ತೇನೆ, ಟೈಲ್ಸ್ ಕೀಳಿಸಿ ಮತ್ತೆ ಫರಸಿ ಹಾಕಿಸುತ್ತೇನೆ ಎಂದು ಅವನು ಎದ್ದು ನಿಂತ. ಗಂಗಾರಾಮನಿಗೆ ಫೋನ್ ಹಚ್ಚಲು ಮೊಬೈಲ್ ಕೈಗೆತ್ತಿಕೊಂಡ.

"ಬ್ಯಾಡೋ" ಎಂದಳು ಹಣಮವ್ವ. "ಮತ್ತ ಏನೂ ಮಾಡಬ್ಯಾಡ. ನನ್ನ ಹುನ್ನೂರಿಗೆ ಕಳಿಸು. ಆ ಮನಿ ನನ್ನ ಕಾಲಿಗೆ ಗೊತ್ತೈತಿ."

ಅವನು ಬಹಳ ಹೇಳಿ ನೋಡಿದ. ತಾನೇ ಅಡಿಗೆ ಮಾಡುತ್ತೇನೆ, ನೀನು ಸುಮ್ಮನೆ ಕೂತಿರು ಎಂದ. ಅವಳು ನಕ್ಕಳು. ಸುಮ್ಮನೆ ಕೂರುವುದಕ್ಕೆ ಇಷ್ಟು ವರ್ಷ ಇಲ್ಲಿದ್ದೆನೇನು ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ವಾದ ಮಾಡಬಹುದಿತ್ತು.

ಕಾರಹುಣ್ಣಿಮೆ ಮುಗಿದ ಮೇಲೆ ಅವಳನ್ನು ಹುನ್ನೂರಿಗೆ ಬಿಟ್ಟುಬಂದ. ಬಂದಾಗಿನ ಅದೇ ಟ್ರಂಕು, ಅದೇ ಕಂಬಳಿ. ದುಂಡೇಶನ ಸೊಸೆ ಮಾಯಾ, ಆ ಬೇಸಿಗೆಯಲ್ಲಿ ಮದುವೆಯಾಗಿ ಬಂದ ಹುಡುಗಿ, ಟ್ರಂಕು ಇಳಿಸಿಕೊಂಡಳು. ಅಂಗಳದ ಬಾಗಿಲಲ್ಲಿ ಗಿರಮಲ್ಲಪ್ಪ ಅಕ್ಕನ ಕೈ ಹಿಡಿದಿದ್ದ. ಅವಳು ಕೈ ಬಿಡಿಸಿಕೊಂಡಳು. ಅಂಗಳ ದಾಟಿ, ಕುರಿಹಟ್ಟಿಯ ಬೇಲಿಯ ಪಕ್ಕದಿಂದ ತಡಕಾಡದೆ ನಡೆದು, ತಗ್ಗು ಬಾಗಿಲಲ್ಲಿ ತಲೆ ತಗ್ಗಿಸಬೇಕಾದಲ್ಲಿ ತಗ್ಗಿಸಿ ಒಳಗೆ ಹೋದಳು. ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಅವನಿಗೆ ಕೊಟ್ಟಳು. ಒಂದು ಹನಿಯೂ ಚೆಲ್ಲಿರಲಿಲ್ಲ. ಬನಹಟ್ಟಿಯ ಮನೆಯಲ್ಲಿ ಕಡೆಯ ದಿನಗಳಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ಮುದುಕಿ ಇವಳೇನಾ ಎನ್ನಿಸಿತು ಅವನಿಗೆ. ನೀರು ಕುಡಿದು, ಮುಖ ತಿರುಗಿಸಿಕೊಂಡು ಬಸ್ಸಿಗೆ ನಡೆದ.

ಆಮೇಲೆ ಅವನು ಒಬ್ಬನೇ. ಮೊದಲ ಕೆಲವು ದಿನ ಅಡಿಗೆಮನೆಯಲ್ಲಿ ಅನ್ನ ಮಾಡಿಕೊಂಡ. ಕಟ್ಟೆಯ ಎತ್ತರ ಸರಿಯಾಗಿತ್ತು, ಬೆಳಕು ಸರಿಯಾಗಿತ್ತು, ಎಲ್ಲ ಡಬ್ಬಿಯೂ ಕೈಗೆ ನಿಲುಕುತ್ತಿತ್ತು. ನಿಂತು ಅಡಿಗೆ ಮಾಡಿ, ನಿಂತೇ ತಿನ್ನುತ್ತಿದ್ದ. ಕೂತರೆ ಎದುರಿಗೆ ಯಾರೂ ಇಲ್ಲದ್ದು ಕಾಣುತ್ತಿತ್ತು. ಆಮೇಲೆ ಖಾನಾವಳಿಯಿಂದ ಬುತ್ತಿ ತರಿಸತೊಡಗಿದ. ಅಡಿಗೆಮನೆಗೆ ಹೋಗುವುದು ನೀರಿಗೆ ಮಾತ್ರ ಎಂದಾಯಿತು. ಒಂದು ದಿನ ನೋಡಿದರೆ ಕರಿಕಲ್ಲಿನ ಮೇಲೆ ಬೆರಳಿನಿಂದ ಬರೆಯಬಹುದಾದಷ್ಟು ದೂಳು ಕೂತಿತ್ತು. ಮಗ್ಗದ ಊರಿನ ದೂಳು, ಹತ್ತಿಯ ಹಾಗೆ ಮೆತ್ತಗಿನದು.

ಸಾವಿತ್ರೆವ್ವನ ಮೇಲೆ ಅವನಿಗೆ ಒಂದಿಷ್ಟು ದಿನ ಸಿಟ್ಟಿತ್ತು. ಗೊತ್ತಿದ್ದೂ ಹೇಳಲಿಲ್ಲವಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟ. ಆಣೆ ಹಾಕಿದ್ದಳಪ್ಪಾ, ಏನು ಮಾಡಲಿ ಎಂದಳು ಅವಳು. ನಿನ್ನ ಕಣ್ಣು ನೆಟ್ಟಗಿದ್ದವಲ್ಲ ಎಂದೂ ಸೇರಿಸಿದಳು. ಅವನು ಮನೆಯೊಳಗೆ ಹೋದ.

ಗುಣ ಹೋಯಿತೇ ಎಂದರೆ ಹೋಗಲಿಲ್ಲ. ಮಗ್ಗದ ಶೆಡ್ಡುಗಳಲ್ಲಿ ಈಗಲೂ ಅವನ ಕೈ ನಡೆಯುವ ಯಂತ್ರದ ಕಡೆಗೆ ಹೋಗುತ್ತದೆ. ಆದರೆ ಮುಟ್ಟುವ ಮುಂಚೆ, ಇದನ್ನು ನಡೆಸುವವರು ಯಾರು ಎಂದು ಕೇಳುತ್ತಾನೆ. ಕೇಳಿದರೆ ಹೆಚ್ಚಿನವರು ಬೇಡ ಎನ್ನುತ್ತಾರೆ. ಹಾಗಾಗಿ ಅವನಿಗೆ ಕೆಲಸ ಬೇಗ ಮುಗಿಯುತ್ತದೆ. ಬೇಗ ಮುಗಿದರೆ ಮನೆಗೆ ಬೇಗ ಬರಬೇಕು. ಅದು ಅವನಿಗೆ ಬೇಡ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂತು ಹೊತ್ತು ಕಳೆಯುತ್ತಾನೆ.

ಅಮಾವಾಸ್ಯೆಯ ದಿನ ಹುನ್ನೂರಿಗೆ ಹೋಗುತ್ತಾನೆ. ಕಣ್ಣಿನ ಔಷಧ, ಒಂದಿಷ್ಟು ಚುರುಮುರಿ, ಎಲೆ ಅಡಿಕೆ ಒಯ್ಯುತ್ತಾನೆ. ಅಲ್ಲಿ ಹಣಮವ್ವ ಅಂಗಳದ ಬೇವಿನ ಕೆಳಗೆ ಕೂತು ಉಣ್ಣೆ ಹಿಂಜುತ್ತಿರುತ್ತಾಳೆ, ಇಲ್ಲವೆ ಸಾಯಂಕಾಲಕ್ಕೆ ರೊಟ್ಟಿ ಬಡಿಯುತ್ತಿರುತ್ತಾಳೆ. ರೊಟ್ಟಿ ಮೊದಲಿನ ಹಾಗೇ ಇರುತ್ತದೆ. ಅವನಿಗೆ ಬಡಿಸಿ ಎದುರು ಕೂರುತ್ತಾಳೆ. ಅಲ್ಲಿ ಮಗ್ಗದ ಸದ್ದಿಲ್ಲ. ಮಾತಾಡಬಹುದು. ಆದರೆ ಇಷ್ಟು ವರ್ಷ ಆಡದೇ ಇದ್ದವರಿಗೆ ಎಲ್ಲಿಂದ ಸುರುಮಾಡಬೇಕೆಂದು ತಿಳಿಯುವುದಿಲ್ಲ. ಕುರಿ ಎಷ್ಟು ಈದವು, ಮಳೆ ಎಲ್ಲಿ ಆಯಿತು, ಮುಧೋಳದ ಅತ್ತೆ ಹೇಗಿದ್ದಾಳೆ ಎಂದು ನಾಲ್ಕು ಮಾತಾಡಿ ಸುಮ್ಮನಾಗುತ್ತಾರೆ.

ಹೋದ ವರ್ಷ ಮಾಯಾ, ಹಿತ್ತಲ ತೊಟ್ಟಿಯಿಂದ ನೀರು ಹೊತ್ತು ತರುವುದು ಕಷ್ಟ, ಒಳಗೊಂದು ನಳ ಹಾಕಿಕೊಡಿರಿ ಮಾವಾ ಎಂದು ಕೇಳಿದಳು. ಅವನ ಕೈ ಚುರುಕಾಯಿತು. ಪೈಪು ಎಲ್ಲಿಂದ ಬರಬೇಕು, ಎಲ್ಲಿ ತಿರುಗಬೇಕು ಎಂದು ಮನಸ್ಸಿನಲ್ಲೇ ಗೆರೆ ಎಳೆದ. ಆಮೇಲೆ ಬೇವಿನ ಕೆಳಗೆ ಹೋಗಿ ಅಕ್ಕನ ಪಕ್ಕ ಕೂತು, ಹೀಗೆ ಮಾಡಬೇಕೆಂದಿದ್ದೇವೆ, ಮಾಡಲೇ ಎಂದು ಕೇಳಿದ. ಅವಳು ಉಣ್ಣೆ ಬದಿಗಿಟ್ಟು ಯೋಚಿಸಿದಳು. ಹುಡುಗಿಗೆ ಅನುಕೂಲವಾಗುವುದಾದರೆ ಹಾಕು, ಆದರೆ ಕೊಡ ಇದ್ದಲ್ಲೇ ಇರಲಿ, ಪೈಪು ನೆಲದ ಮೇಲೆ ಹಾಯಬಾರದು ಎಂದಳು. ಅವನು ಪೈಪನ್ನು ಗೋಡೆಯ ಹೊರಗಿನಿಂದ ಸುತ್ತಿಸಿ ತಂದ. ದೂರವಾಯಿತು, ನೋಡಲೂ ಚಂದವಿರಲಿಲ್ಲ. ಹಾಗೇ ಬಿಟ್ಟ.

ಅಂದು ಹೊರಡುವಾಗ ಅವಳು ಅಂಗಳದ ಬಾಗಿಲವರೆಗೆ ಬಂದಳು. ಅವನ ಕೆನ್ನೆ ಮುಟ್ಟಿದಳು. ಗಡ್ಡ ಮಾಡಿಕೊಂಡಿಲ್ಲ ಎಂದಳು, ಸೊರಗಿದ್ದೀಯ ಎಂದಳು. ಅವನು ಚಿಕ್ಕ ಹುಡುಗನ ಹಾಗೆ ಅಲುಗಾಡದೆ ನಿಂತಿದ್ದ. ಅವಳ ಬೆರಳು ಮೀಸೆಯ ತುದಿಯಲ್ಲಿ ಒಂದು ಕ್ಷಣ ನಿಂತಿತು.

"ಮೀಸಿ ಪೂರಾ ಬೆಳ್ಳಗ ಆಗೇತೇ?"

"ಆಗೇತಿ ಅಕ್ಕಾ."

ದಸರೆಗೆ ನಾಲ್ಕು ದಿನ ಬನಹಟ್ಟಿಗೆ ಬಾ, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ನೋಡೋಣ ಎಂದಳು. ಅವಳು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿಗೆ ಹೊತ್ತಾಗುತ್ತದೆ, ಹೋಗು ಎಂದಳು. ಅವನು ರಸ್ತೆಗೆ ಬಂದು ತಿರುಗಿ ನೋಡಿದಾಗ, ಅವಳು ಇನ್ನೂ ಬಾಗಿಲಲ್ಲೇ, ಅವನ ಹೆಜ್ಜೆಯ ಸಪ್ಪಳ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ಕಿವಿಗೊಟ್ಟು ನಿಂತಿದ್ದಳು. ಗಿರಮಲ್ಲಪ್ಪ ಚಪ್ಪಲಿಯನ್ನು ನೆಲಕ್ಕೆ ಜೋರಾಗಿ ಒತ್ತಿ ನಡೆದ.